ಹುಳಕಡ್ಡಿಗೆ ಸ್ಟೀರಾಯ್ಡ್ ಮುಲಾಮು ಹಚ್ಚಿ ಒಂದೂವರೆ ವರ್ಷ ನರಳಿದೆ

ಸೊಂಟ, ತೊಡೆಸಂದಿ, ಕಂಕುಳಲ್ಲಿ ತುರಿಕೆ ಹೋದ ಹಾಗೆ ಆಗಿ ಮತ್ತೆ ಮತ್ತೆ ಬರ್ತಾ ಇದ್ದರೆ ದಯವಿಟ್ಟು ಇದನ್ನು ಓದಿ.

ನಮ್ಮದು ಕರಾವಳಿ. ಮಳೆಗಾಲದಲ್ಲಿ ಬಟ್ಟೆ ಒಣಗೋದೇ ಇಲ್ಲ. ಅಂಥದ್ದೊಂದು ಆಟಿ ತಿಂಗಳಲ್ಲಿ, ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಬಳೆಯಂಥ ಕೆಂಪು ಗುರುತು ಎದ್ದಿತು. ಅಂಚು ಉಬ್ಬಿತ್ತು, ನಡುವೆ ತಿಳಿಯಾಗಿತ್ತು. ಡಾಕ್ಟರಿಗೆ ತೋರಿಸಲು ನಾಚಿಕೆ. ಮೆಡಿಕಲ್ ಶಾಪಿನಲ್ಲಿ ಕೇಳಿದೆ. "ಇದನ್ನ ಹಚ್ಚಿ ಅಕ್ಕ, ಎರಡೇ ದಿನ" ಎಂದು ಒಂದು ಟ್ಯೂಬ್ ಕೊಟ್ಟರು. ನಿಜವಾಗಿಯೂ ಎರಡೇ ದಿನಕ್ಕೆ ತುರಿಕೆ ನಿಂತಿತು. ನಾನು ಮೋಸ ಹೋದದ್ದು ಅಲ್ಲೇ.

ಹಚ್ಚುವುದು ಬಿಟ್ಟ ವಾರಕ್ಕೆ ತುರಿಕೆ ದುಪ್ಪಟ್ಟಾಯಿತು. ಮತ್ತೆ ಹಚ್ಚಿದೆ. ತಿಂಗಳುಗಟ್ಟಲೆ ಹೀಗೇ ಆಗಿ ಬಳೆಯ ಆಕಾರವೇ ಅಳಿಸಿಹೋಯಿತು. ಬರೀ ಕಂದು ಕಲೆ, ಅಲ್ಲಲ್ಲಿ ಗುಳ್ಳೆ. ಒಬ್ಬ ಡಾಕ್ಟರು ಇಸುಬು ಅಂದರು, ಇನ್ನೊಬ್ಬರು ಸೋರಿಯಾಸಿಸ್ ಅಂದರು. ಇಬ್ಬರೂ ಬರೆದುಕೊಟ್ಟದ್ದು ಇನ್ನೂ ಜೋರಾದ ಸ್ಟೀರಾಯ್ಡ್. ಚರ್ಮ ಕೆರೆದು ಯಾರೂ ನೋಡಲಿಲ್ಲ.

ಮೂರನೆಯ ಡಾಕ್ಟರು ಮೊದಲು ಕೇಳಿದ್ದೇ, "ಇಷ್ಟು ದಿನ ಏನೇನು ಹಚ್ಚಿದ್ರಿ ಅಮ್ಮ?" ಚೀಲದಲ್ಲಿದ್ದ ಟ್ಯೂಬೆಲ್ಲ ಮೇಜಿನ ಮೇಲೆ ಸುರಿದೆ. ಅವರು ಬ್ಲೇಡಿನಿಂದ ಕಲೆಯ ಬದಿಯನ್ನು ಮೆಲ್ಲಗೆ ಕೆರೆದರು. ಉದುರಿದ ಹೊಟ್ಟನ್ನು ಗಾಜಿನ ಮೇಲೆ ಹಾಕಿ ಒಂದು ಹನಿ ಪೊಟ್ಯಾಷ್ ದ್ರಾವಣ ಬಿಟ್ಟರು. ಚರ್ಮ ಕರಗುತ್ತದೆ, ಹುಳಕಡ್ಡಿ ತರುವ ಶಿಲೀಂಧ್ರ (ಫಂಗಸ್) ಇದ್ದರೆ ಅದು ಉಳಿಯುತ್ತದೆ. ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಕವಲೊಡೆದ ಸಣ್ಣ ಸಣ್ಣ ಎಳೆಗಳು. ಹುಳಕಡ್ಡಿ! ಇದಕ್ಕೆ ಕೆಒಎಚ್ ಟೆಸ್ಟ್ ಅಂತಾರೆ. ಅರ್ಧ ಗಂಟೆಯ ಕೆಲಸ ಅಷ್ಟೇ.

ಸ್ಟೀರಾಯ್ಡ್ ಹಚ್ಚಿದರೆ ಚರ್ಮದ ರೋಗ ತಡೆಯುವ ಶಕ್ತಿ ತಗ್ಗುತ್ತದೆ. ಮೇಲೆ ಕೆಂಪು, ತುರಿಕೆ ಅಡಗುತ್ತವೆ, ಒಳಗೆ ಶಿಲೀಂಧ್ರ ಹರಡುತ್ತಲೇ ಇರುತ್ತದೆ. ಹೀಗೆ ವೇಷ ಮರೆಸಿಕೊಂಡ ಹುಳಕಡ್ಡಿಗೆ 1968ರಲ್ಲೇ ಟೀನಿಯಾ ಇನ್‌ಕಾಗ್ನಿಟೊ ಎಂದು ಹೆಸರಿಟ್ಟಿದ್ದಾರೆ. ಇಷ್ಟು ಹಳೆಯ ವಿಷಯ! ಆದರೂ ಈ ಮುಲಾಮು ಚೀಟಿ ಇಲ್ಲದೆ ಸಿಗುತ್ತಿದೆ ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಕ್ಲೋಬೆಟಾಸೋಲ್, ಬೆಟಾಮೆಥಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಜೊತೆಗೆ ಶಿಲೀಂಧ್ರದ ಔಷಧಿ ಸೇರಿಸಿದ್ದರೂ ನಂಬಬೇಡಿ. ಡಾಕ್ಟರ ಬಳಿ ಹೋಗುವಾಗ ಹಚ್ಚಿದ ಟ್ಯೂಬೆಲ್ಲ ಒಯ್ಯಿರಿ. "ಕೆರೆದು ನೋಡ್ತೀರಾ?" ಅಂತ ಬಾಯಿಬಿಟ್ಟು ಕೇಳಿ.

ನನಗೆ ಎರಡು ತಿಂಗಳು ಮಾತ್ರೆ ಬೇಕಾಯಿತು. ಸ್ಟೀರಾಯ್ಡ್ ಬಿಟ್ಟ ಮೊದಲ ವಾರ ಉರಿ ತಡೆಯಲು ಆಗುತ್ತಿರಲಿಲ್ಲ. ಅದೇ ಟವೆಲ್ ಬಳಸುತ್ತಿದ್ದ ಮಗಳಿಗೂ ಹತ್ತಿತ್ತು, ಇಬ್ಬರೂ ಜೊತೆಗೇ ಔಷಧಿ ಮಾಡಿದೆವು. ಈಗ ತುರಿಕೆ ಇಲ್ಲ. ಚರ್ಮ ತೆಳ್ಳಗಾಗಿ ತೊಡೆಸಂದಿಯಲ್ಲಿ ಬಿದ್ದ ಬಿಳಿ ಗೆರೆಗಳು ಮಾತ್ರ ಹೋಗಿಲ್ಲ.