ಹಿರಿಯ ಸಂಶೋಧಕ ಪ್ರಶಸ್ತಿಯ ಅರ್ಜಿಗೆ ಸ್ಕಾಲರ್, ಸ್ಕೋಪಸ್, ಆರ್ಕಿಡ್: ಯಾವುದನ್ನು ಎಷ್ಟು ನಂಬಬೇಕು?

ವಿಶ್ವವಿದ್ಯಾಲಯದ ವಾರ್ಷಿಕ ಪ್ರಶಸ್ತಿಗೆ ಹಿರಿಯ ವೈದ್ಯ ಸಂಶೋಧಕರ ಹೆಸರು ಕಳಿಸುವಾಗ ಪ್ರಬಂಧಗಳ ಪಟ್ಟಿ, ಎಚ್-ಇಂಡೆಕ್ಸ್ (ಆ ಪ್ರಬಂಧಗಳನ್ನು ಇತರರು ಎಷ್ಟು ಉಲ್ಲೇಖಿಸಿದ್ದಾರೆ ಎಂಬುದರ ಅಳತೆ) ಕೇಳುವುದು ಈಗ ಮಾಮೂಲು. ಹುಬ್ಬಳ್ಳಿಯವರಿಗೆ ತೊಡಕು ಇಲ್ಲೇ. ಇಲ್ಲಿನ ಒಂದೇ ವೈದ್ಯಕೀಯ ಕಾಲೇಜಿನ ಹೆಸರು ಹಳೆಯ ಪ್ರಬಂಧಗಳಲ್ಲಿ ಕೆಎಂಸಿ, ನಂತರ ಕಿಮ್ಸ್, ಈಗ ಕೆಎಂಸಿಆರ್‌ಐ. 2014ರ ನವೆಂಬರ್‌ಗೆ ಊರಿನ ಇಂಗ್ಲಿಷ್ ಕಾಗುಣಿತವೂ Hubli ಇದ್ದದ್ದು Hubballi ಎಂದು ಬದಲಾಯಿತು. ಮೇಲಾಗಿ ‘ಎಸ್. ಪಾಟೀಲ’ ಎಂದು ಹುಡುಕಿದರೆ ಅರ್ಧ ಉತ್ತರ ಕರ್ನಾಟಕವೇ ಎದ್ದು ಬರುತ್ತದೆ.

ಪ್ರಬಂಧಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ಉದಾರಿ. ಸಣ್ಣ ಜರ್ನಲ್‌ಗಳ ಹಳೆಯ ಬರಹವನ್ನೂ ಹೆಕ್ಕಿ ಕೊಡುತ್ತದೆ, ಬೇರೆ ಪಾಟೀಲರದ್ದನ್ನೂ ಸೇರಿಸುತ್ತದೆ. ಹಾಗಾಗಿ ‘ತಾನಾಗಿಯೇ ಸೇರಿಸು’ ಎಂಬುದನ್ನು ತೆಗೆದು, ಇಮೇಲ್‌ನಲ್ಲಿ ಕೇಳುವ ಆಯ್ಕೆ ಇಡಿ. ಎರಡು ಸಲ ಬಂದ ಪ್ರಬಂಧಗಳಿಗೆ ಟಿಕ್ ಹಾಕಿ ಮರ್ಜ್ ಮಾಡಿ. ಕಾಲೇಜಿನ ಇಮೇಲ್ ದೃಢೀಕರಿಸದಿದ್ದರೆ ಪ್ರೊಫೈಲ್ ಹುಡುಕಾಟದಲ್ಲಿ ಕಾಣುವುದಿಲ್ಲ. ನಿವೃತ್ತಿಯ ಮುಂಚೆಯೇ ಆ ಕೆಲಸ ಮುಗಿಸುವುದು ಒಳ್ಳೆಯದು. ನನ್ನ ಅಂಕ 5ಕ್ಕೆ 3.

ಆಯ್ದ ಜರ್ನಲ್‌ಗಳ ಪ್ರಬಂಧ, ಉಲ್ಲೇಖಗಳನ್ನು ಪಟ್ಟಿ ಮಾಡುವ ಸ್ಕೋಪಸ್ ಜಿಪುಣ, ಆದರೆ ಆಯ್ಕೆ ಸಮಿತಿ ಅದರ ಅಂಕಿಯನ್ನೇ ಹೆಚ್ಚು ನಂಬುತ್ತದೆ. ಚಂದಾ ಇಲ್ಲದೆಯೂ ಲೇಖಕರ ಪ್ರೊಫೈಲ್ ನೋಡಬಹುದು. ಹೆಸರು, ಸಂಸ್ಥೆ ಬದಲಾದಲ್ಲೆಲ್ಲ ಒಬ್ಬರೇ ಎರಡು-ಮೂರು ಪ್ರೊಫೈಲ್‌ಗಳಾಗಿ ಒಡೆದಿರುತ್ತಾರೆ. ಎಚ್-ಇಂಡೆಕ್ಸ್ 15 ಎಂದರೆ ತಲಾ ಕನಿಷ್ಠ 15 ಉಲ್ಲೇಖ ಪಡೆದ 15 ಪ್ರಬಂಧಗಳು. ಒಡೆದ ಪ್ರೊಫೈಲ್‌ಗಳಲ್ಲಿ ಇದು 9, 8 ಎಂದು ಕಂಡರೆ 17 ಎಂದು ಕೂಡಿಸಿ ಬರೆಯುವಂತಿಲ್ಲ. ಮೊದಲು ಒಂದಾಗಿಸಲು ಕೋರಿಕೆ ಕಳಿಸಬೇಕು. ಸರಿಹೋಗಲು ವಾರಗಳೇ ಹಿಡಿಯಬಹುದು. 5ಕ್ಕೆ 4, ತಾಳ್ಮೆ ಇದ್ದವರಿಗೆ.

ಸಂಶೋಧಕರಿಗೆ ಗುರುತಿನ ಸಂಖ್ಯೆ ಕೊಡುವ ಆರ್ಕಿಡ್ (ORCID) ಉಲ್ಲೇಖ ಎಣಿಸುವುದಿಲ್ಲ, ಅಂಕಿ ಕೊಡುವುದಿಲ್ಲ. ಆದರೂ ಶುರು ಮಾಡಬೇಕಾದದ್ದು ಇಲ್ಲಿಂದಲೇ. 16 ಸ್ಥಾನಗಳ ಸಂಖ್ಯೆ ಪಡೆದು (ಕೊನೆಯದು ‘ಎಕ್ಸ್’ ಇದ್ದರೆ ಗಾಬರಿ ಬೇಡ), ಹೆಸರಿನ ಎಲ್ಲ ರೂಪಗಳನ್ನೂ ತುಂಬಿ, ಸ್ಕೋಪಸ್‌ಗೆ ಜೋಡಿಸಿ. ನಿವೃತ್ತರು ವೈಯಕ್ತಿಕ ಇಮೇಲನ್ನೂ ಸೇರಿಸಲಿ. ಪಟ್ಟಿ ಎಲ್ಲರಿಗೂ ಕಾಣುವಂತಿದೆಯೇ ನೋಡಿ. ಲಿಂಕ್ ಒತ್ತಿದ ಸಮಿತಿಗೆ ಖಾಲಿ ಪುಟ ಸಿಗಬಾರದು. 5ಕ್ಕೆ ನಾಲ್ಕೂವರೆ.

ವೈದ್ಯಕೀಯ ಪ್ರಬಂಧಗಳ ಸೂಚಿ ಪಬ್‌ಮೆಡ್‌ನಲ್ಲಿ ‘ಹುಬ್ಳಿ’ (Hubli) ಎಂದು ಹುಡುಕಿ ಪಟ್ಟಿ ಮುಗಿಯಿತು ಅಂದುಕೊಳ್ಳಬೇಡಿ. ಅಲ್ಲಿ 1988ಕ್ಕಿಂತ ಹಿಂದೆ ಸಂಸ್ಥೆಯ ವಿಳಾಸ ದಾಖಲಿಸುತ್ತಿರಲಿಲ್ಲ, 2013ರವರೆಗೆ ದಾಖಲಿಸಿದ್ದೂ ಮೊದಲ ಲೇಖಕರದ್ದು ಮಾತ್ರ. ಸಹಲೇಖಕರಾಗಿ ಬರೆದ ಹಳೆಯ ಪ್ರಬಂಧಗಳಿಗೆ ಕಪಾಟಿನ ರೀಪ್ರಿಂಟ್‌ಗಳನ್ನೇ ಕೆಳಗಿಳಿಸಬೇಕು.