ಆನ್‌ವಿಲ್ ರಿವ್ಯೂ: ಕಂಪ್ಯೂಟ್ ಸೂಪರ್, ಮೆಟಾಡೇಟಾ ಮಾತ್ರ ತಲೆನೋವು

ಜೀನೋಮಿಕ್ಸ್, ಅಂದ್ರೆ ಇಡೀ ಡಿಎನ್‌ಎ ಡೇಟಾ ಓದೋ ಕೆಲಸ ಮಾಡೋರಿಗೆ ಆನ್‌ವಿಲ್ ಅನ್ನೋ ಕ್ಲೌಡ್ ಪ್ಲಾಟ್‌ಫಾರ್ಮ್ ಹೊಸ ಹೆಸರೇನಲ್ಲ. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಜೀನೋಮ್ ವಿಭಾಗ ಎನ್‌ಎಚ್‌ಜಿಆರ್‌ಐ ದುಡ್ಡು ಹಾಕಿದೆ, ಬ್ರಾಡ್ ಇನ್‌ಸ್ಟಿಟ್ಯೂಟ್ ಮತ್ತೆ ಜಾನ್ಸ್ ಹಾಪ್ಕಿನ್ಸ್ ಟೀಮ್‌ಗಳು ಮುಂದೆ ನಿಂತು ಕಟ್ಟಿದಾರೆ. ಡೇಟಾನ ನಿಮ್ಮ ಸರ್ವರ್‌ಗೆ ಇಳಿಸ್ಕೋಬೇಡಿ, ಡೇಟಾ ಇರೋ ಕ್ಲೌಡ್‌ಗೇ ಬಂದು ಕೆಲಸ ಮಾಡಿ, ಇಷ್ಟೇ ಐಡಿಯಾ. ಒಳಗೆ ಕೆಲಸ ಮಾಡೋ ಮುಖ್ಯ ಜಾಗ ಟೆರ್ರಾ, ಜೊತೆಗೆ ಗ್ಯಾಲಕ್ಸಿ, ಜುಪಿಟರ್, ಆರ್‌ಸ್ಟುಡಿಯೋ ಅನ್ನೋ ಅನಾಲಿಸಿಸ್ ಟೂಲ್‌ಗಳು ಎಲ್ಲಾ ಇದೆ.

ಇದನ್ನ ಒಂದು ಸಾಫ್ಟ್‌ವೇರ್ ಅಂತ ಮಾತ್ರ ನೋಡಿದ್ರೆ ನ್ಯಾಯ ಆಗಲ್ಲ. 2017ರಲ್ಲಿ ಎನ್‌ಐಎಚ್ ಡೇಟಾ ಕಾಮನ್ಸ್ (ಎಲ್ಲರೂ ಹಂಚ್ಕೊಂಡು ಬಳಸೋ ಡೇಟಾ ವ್ಯವಸ್ಥೆ) ಪೈಲಟ್ ಅಂತ ಶುರು ಮಾಡ್ತು, ಟಾಪ್‌ಮೆಡ್ (ಹೃದಯ, ಶ್ವಾಸಕೋಶದಂಥ ಕಾಯಿಲೆಗಳ ಜೀನೋಮ್ ಸ್ಟಡಿ), ಜಿಟೆಕ್ಸ್ (ಯಾವ ಅಂಗಾಂಶದಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡತ್ತೆ ಅನ್ನೋ ಡೇಟಾ), ಮತ್ತೆ ಇಲಿ, ನೊಣ, ಹುಳುಗಳ ಮಾಡೆಲ್ ಆರ್ಗನಿಸಂ ಡೇಟಾಬೇಸ್‌ಗಳು, ಈ ಮೂರನ್ನ ಇಟ್ಕೊಂಡು ಪ್ರೋಟೋಟೈಪ್ ಮಾಡೋದು ಪ್ಲಾನು. ಎಲ್ಲರಿಗೂ ಒಂದೇ ದೊಡ್ಡ ಕಟ್ಟಡ ಅನ್ನೋದು ಕೊನೆಗೆ ಆಗ್ಲೇ ಇಲ್ಲ, ಒಂದೊಂದು ಇನ್‌ಸ್ಟಿಟ್ಯೂಟ್ ತನ್ನದೇ ಮನೆ ಕಟ್ಕೊಳ್ತು: ಜೀನೋಮಿಕ್ಸ್‌ಗೆ ಆನ್‌ವಿಲ್, ಹೃದಯ ಶ್ವಾಸಕೋಶದವರಿಗೆ ಬಯೋಡೇಟಾ ಕ್ಯಾಟಲಿಸ್ಟ್, ಕ್ಯಾನ್ಸರ್‌ನವರದ್ದು 2016ರಿಂದಲೇ ಇತ್ತು. ಆದ್ರೆ ಆ ಮನೆಗಳ ನಡುವಿನ ಪೈಪ್‌ಲೈನ್ ಇದೆಯಲ್ಲ, ಫೈಲ್‌ಗೆ ಖಾಯಂ ಐಡಿ, ಒಂದೇ ಲಾಗಿನ್, ಒಂದೇ ಥರದ ಎಪಿಐ (ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡೋ ದಾರಿ), ಅದನ್ನ ಕೂತು ಯೋಚನೆ ಮಾಡಿದ್ದಕ್ಕೇ ಇವತ್ತು ಇದು ಬಳಸೋ ಹಂಗಿದೆ ಅನ್ನೋದು ನನ್ನ ಅಭಿಪ್ರಾಯ. ಬಕೆಟ್ (ಕ್ಲೌಡ್‌ನಲ್ಲಿ ಫೈಲ್ ಇಡೋ ಜಾಗ) ಬೇರೆ ಬೇರೆ ಆದ್ರೂ ಡಿಆರ್‌ಎಸ್ ಅನ್ನೋ ಆ ಖಾಯಂ ಐಡಿ ಕೊಟ್ರೆ ಫೈಲ್ ಎಲ್ಲಿದೆಯೋ ಅದೇ ಹುಡುಕಿ ಕೊಡತ್ತೆ, ಇದು ಸಣ್ಣ ವಿಷಯ ಅಲ್ಲ.

ಮೊದಲು ಇಷ್ಟ ಆಗಿದ್ದು ಹೇಳ್ತೀನಿ. ನೂರಾರು ಸ್ಯಾಂಪಲ್‌ಗೆ ಡಬ್ಲ್ಯೂಡಿಎಲ್ ಅನ್ನೋ ಭಾಷೇಲಿ ಬರೆದ ವರ್ಕ್‌ಫ್ಲೋ ಒಂದೇ ಸಲ ಸಬ್‌ಮಿಟ್ ಮಾಡಬಹುದು, ಮಧ್ಯದಲ್ಲಿ ಎಲ್ಲೋ ಫೇಲ್ ಆದ್ರೆ ಕಾಲ್ ಕ್ಯಾಶಿಂಗ್ (ಹಳೇ ರಿಸಲ್ಟ್ ಮತ್ತೆ ಬಳಸೋ ಸೌಲಭ್ಯ) ಆನ್ ಇದ್ರೆ ಮುಗಿದ ಸ್ಟೆಪ್‌ಗಳನ್ನ ಬಿಟ್ಟು ಮುಂದಿಂದ ಓಡತ್ತೆ. ಸಂಸ್ಥೆಯ ಕಂಪ್ಯೂಟರ್ ಕ್ಲಸ್ಟರ್‌ನಲ್ಲಿ ಕ್ಯೂ ಕಾಯ್ದು ಕಾಯ್ದು ಸುಸ್ತಾದವರಿಗೆ ಇದೇ ಸಾಕು. ಇನ್ನೊಂದು, 2025ರ ಜನವರಿಯಿಂದ ಕಂಟ್ರೋಲ್ಡ್ ಡೇಟಾ (ಪರ್ಮಿಷನ್ ಇದ್ದವರಿಗೆ ಮಾತ್ರ ಸಿಗೋದು) ಇಟ್ಕೊಳ್ಳೋ ಸಿಸ್ಟಮ್ ಅಮೆರಿಕ ಸರ್ಕಾರದ ನಿಸ್ಟ್ 800-171 ಸೆಕ್ಯುರಿಟಿ ನಿಯಮಕ್ಕೆ ಹೊಂದಬೇಕು ಅಂತ ಎನ್‌ಐಎಚ್ ಹೇಳಿದೆ, ಸಣ್ಣ ಲ್ಯಾಬ್ ತನ್ನ ಸರ್ವರ್‌ನಲ್ಲಿ ಅದನ್ನ ಮಾಡೋದು ಅಂದ್ರೆ ದೊಡ್ಡ ರಗಳೆ, ಹಂಗಾಗಿ ಇಷ್ಟ ಇಲ್ದೋರೂ ಈ ಕಡೆ ಬರ್ತಾರೆ.

ಪರ್ಮಿಷನ್ ಕಥೆ ಮಾತ್ರ ಹಳೇದೇ. ಎನ್‌ಐಎಚ್‌ನ ಡೇಟಾ ಭಂಡಾರ ಡಿಬಿಗ್ಯಾಪ್‌ನಲ್ಲಿ ಅರ್ಜಿ, ಸಂಸ್ಥೆಯ ಸೈನಿಂಗ್ ಅಫಿಷಿಯಲ್ ಸಹಿ, ಆಮೇಲೆ ಆಕ್ಸೆಸ್ ಕಮಿಟಿ. ಕ್ಲೌಡ್ ಎಷ್ಟೇ ಫಾಸ್ಟ್ ಇದ್ರೂ ಕಮಿಟಿ ಅದರ ಸ್ಪೀಡಲ್ಲೇ ಹೋಗತ್ತೆ. ಟೆರ್ರಾದಲ್ಲಿ ಎನ್‌ಐಎಚ್ ಅಕೌಂಟ್ ಲಿಂಕ್ 30 ದಿನಕ್ಕೆ ಎಕ್ಸ್‌ಪೈರ್ ಆಗತ್ತೆ, ಮತ್ತೆ ಲಿಂಕ್ ಮಾಡ್ಬೇಕು, ಕ್ಯಾಲೆಂಡರ್‌ನಲ್ಲಿ ಹಾಕ್ಕೊಳ್ಳಿ.

ಈಗ ತಲೆನೋವು, ಅಂದ್ರೆ ಮೆಟಾಡೇಟಾ: ಸ್ಯಾಂಪಲ್ ಕೊಟ್ಟವರು ಗಂಡೋ ಹೆಣ್ಣೋ, ವಯಸ್ಸೆಷ್ಟು ಅನ್ನೋ ಥರದ ವಿವರ. ಎರಡು ಸ್ಟಡಿ ಸೇರಿಸಿ ಅನಾಲಿಸಿಸ್ ಮಾಡೋಣ ಅಂತ ಹೊರಡಿ, ಆಗ ಗೊತ್ತಾಗತ್ತೆ. ಜಿಟೆಕ್ಸ್‌ನಲ್ಲಿ ಸೆಕ್ಸ್ ಕಾಲಂ 1 ಅಂದ್ರೆ ಗಂಡು, 2 ಅಂದ್ರೆ ಹೆಣ್ಣು. ಇನ್ನೊಂದು ಸ್ಟಡಿಲಿ ಪದದಲ್ಲೇ ಬರೆದಿರ್ತಾರೆ, ಮತ್ತೊಂದರಲ್ಲಿ 0 ಮತ್ತು 1. ವಯಸ್ಸು ತಗೊಳ್ಳಿ, ಜಿಟೆಕ್ಸ್‌ನ ಎಲ್ಲರಿಗೂ ಸಿಗೋ ಫೈಲ್‌ನಲ್ಲಿ 60-69 ಅಂತ ಹತ್ತು ವರ್ಷದ ಗುಂಪು, ನಿಖರ ವಯಸ್ಸು ಬೇಕಂದ್ರೆ ಕಂಟ್ರೋಲ್ಡ್ ಆಕ್ಸೆಸ್. ಕೆಲವು ಕಡೆ ಪ್ರೈವೆಸಿ ನಿಯಮಕ್ಕೋಸ್ಕರ 89 ದಾಟಿದವರನ್ನೆಲ್ಲ 90+ ಅಂತ ಒಂದೇ ಗುಂಪಿಗೆ ಹಾಕಿರ್ತಾರೆ, ಆ ಒಂದು ಪ್ಲಸ್ ಚಿಹ್ನೆಯಿಂದ ಇಡೀ ಕಾಲಂ ನಂಬರ್ ಹೋಗಿ ಟೆಕ್ಸ್ಟ್ ಆಗತ್ತೆ, ನಂಬರ್ ಬೇಡೋ ನಿಮ್ಮ ರಿಗ್ರೆಶನ್ ಲೆಕ್ಕ ಅಲ್ಲೇ ಮುಗ್ಗರಿಸತ್ತೆ. ಪ್ಲಾಟ್‌ಫಾರ್ಮ್ ಇದನ್ನ ತಾನಾಗೇ ಸರಿ ಮಾಡಲ್ಲ. ಟಾಪ್‌ಮೆಡ್‌ನವರು ಫೀನೋಟೈಪ್ (ವ್ಯಕ್ತಿಯ ಲಕ್ಷಣ, ಆರೋಗ್ಯದ ವಿವರ) ಎಲ್ಲಾ ಒಂದೇ ರೂಪಕ್ಕೆ ತರೋಕೆ ಬೇರೆ ಟೀಮೇ ಇಟ್ಟು ಕೆಲಸ ಮಾಡಿದಾರೆ, ಅಷ್ಟು ಕೈಕೆಲಸ ಬೇಕು. ಕಾಮನ್ಸ್ ಪ್ಲಾನ್ ಮಾಡೋರು ಸ್ಟೋರೇಜ್‌ಗೆ ಬರೆಯೋ ಬಜೆಟ್‌ನಲ್ಲಿ ಅರ್ಧ ಆದ್ರೂ ಇಂಥ ಜನಕ್ಕೆ ಇಡ್ಬೇಕು, ಆದ್ರೆ ಪೆಟಾಬೈಟ್ ಅಂದ್ರೆ ಸ್ಲೈಡ್‌ನಲ್ಲಿ ಚೆನ್ನಾಗಿ ಕಾಣತ್ತೆ ನೋಡಿ, ಡೇಟಾ ಒಪ್ಪ ಮಾಡೋ ಕ್ಯುರೇಟರ್ ಸಂಬಳ ಕಾಣಲ್ಲ.

ಖರ್ಚು ಹೇಳ್ಬೇಕಂದ್ರೆ, ಹೋಸ್ಟ್ ಮಾಡಿರೋ ಡೇಟಾ ಇಡೋಕೆ ನೀವು ಕೊಡಬೇಕಾಗಿಲ್ಲ, ನಿಮ್ಮ ಕಂಪ್ಯೂಟ್, ನಿಮ್ಮ ರಿಸಲ್ಟ್ ಇಡೋ ಜಾಗ, ಹೊರಗೆ ಡೌನ್‌ಲೋಡ್ ಮಾಡೋದು, ಇದಕ್ಕೆಲ್ಲ ನಿಮ್ಮ ಗೂಗಲ್ ಬಿಲ್. ಡೌನ್‌ಲೋಡ್ ಜಿಬಿಗೆ ಸುಮಾರು 0.12 ಡಾಲರ್ ಅಂದ್ಕೊಂಡ್ರೂ 20 ಜಿಬಿಯ ಒಂದು ಸಾವಿರ ಜೀನೋಮ್ ಫೈಲ್ ಎಳೆದ್ರೆ 2,400 ಡಾಲರ್ ಹತ್ರ ಹೋಗತ್ತೆ, ಹಂಗೆ ಎಳೆಯೋ ಪ್ಲಾನ್ ಇದ್ರೆ ಇಲ್ಲಿಗೆ ಬರೋದೇ ಬೇಡ. ಪಬ್ಲಿಕ್ ಆಗಿ ಸಿಗೋ ಸಣ್ಣ ಕೌಂಟ್ ಮ್ಯಾಟ್ರಿಕ್ಸ್ (ಜೀನ್‌ಗಳ ಎಣಿಕೆ ಪಟ್ಟಿ) ಸಾಕು ಅನ್ನೋರೂ ಲ್ಯಾಪ್‌ಟಾಪಲ್ಲೇ ಮುಗಿಸಿ.

ಉಳಿದವರು ಧೈರ್ಯವಾಗಿ ಟ್ರೈ ಮಾಡಿ, ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಜುಪಿಟರ್ ನೋಟ್‌ಬುಕ್ ತಾತ್ಕಾಲಿಕವಾಗಿ ನಿಲ್ಲಿಸಿದ್ರೂ ಅದರ ಪರ್ಸಿಸ್ಟೆಂಟ್ ಡಿಸ್ಕ್‌ಗೆ (ಫೈಲ್ ಉಳಿಸೋ ಡಿಸ್ಕ್) ಚಾರ್ಜ್ ನಡೀತಾನೇ ಇರತ್ತೆ, ಕೆಲಸ ಮುಗಿದ್ರೆ ಡಿಲೀಟ್ ಮಾಡಿ. ಮತ್ತೆ ಗೂಗಲ್ ಬಜೆಟ್ ಅಲರ್ಟ್ ಬರೀ ಮೇಲ್ ಕಳ್ಸತ್ತೆ ಅಷ್ಟೇ, ಖರ್ಚು ನಿಲ್ಸಲ್ಲ.