ಪಕ್ಕಾ ಪರೀಕ್ಷೆ ಇಲ್ಲದಾಗ ಯಾವ ದಾರಿ?

ದಾವಣಗೆರೆಯಲ್ಲಿ ಪಿಜಿ ಮಾಡುತ್ತಾ ಮಕ್ಕಳ ನ್ಯುಮೋನಿಯಾ ಪರೀಕ್ಷೆಗಳು ಎಷ್ಟು ಸರಿ ಹೇಳುತ್ತವೆ ಎಂದು ಅಳೆಯಲು ಹೊರಟಿದ್ದೀರಾ? ಹೋಲಿಸಿ ನೋಡಲು ಪಕ್ಕಾ ಪರೀಕ್ಷೆಯೇ ಇಲ್ಲ. ರಕ್ತದ ಕಲ್ಚರ್‌ನಲ್ಲಿ (ರಕ್ತದಲ್ಲಿರುವ ರೋಗಾಣು ಬೆಳೆಸಿ ನೋಡುವುದು) ಬಹಳ ಕೇಸು ಸಿಗುವುದೇ ಇಲ್ಲ. ಮೂಗಿನ ಸ್ವ್ಯಾಬ್‌ನ ಪಿಸಿಆರ್, ಅಂದರೆ ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ, ರೋಗ ತರದೆ ಸುಮ್ನೆ ಅಲ್ಲಿ ಕೂತಿರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾಗೂ ಪಾಸಿಟಿವ್ ಅನ್ನುತ್ತದೆ.

ಒಂದು ದಾರಿ, ಮೊದಲೇ ನಿಯಮ ಕಟ್ಟುವುದು: ಕಲ್ಚರ್, ಎಕ್ಸ್‌ರೇ, ಯಾವುದು ಪಾಸಿಟಿವ್ ಆದರೂ ರೋಗ ಇದೆ. ಲೆಕ್ಕ ಸುಲಭ. ಆದರೆ ಅಳೆಯಬೇಕಾದ ಪರೀಕ್ಷೆಯನ್ನೇ ನಿಯಮದೊಳಗೆ ಸೇರಿಸಬೇಡಿ, ತನ್ನ ಉತ್ತರಪತ್ರಿಕೆ ತಾನೇ ತಿದ್ದಿದ ಹಾಗಾಗುತ್ತದೆ ಅಲ್ವಾ?

ಇನ್ನೊಂದು ಲೇಟೆಂಟ್ ಕ್ಲಾಸ್ ಮಾದರಿ: ಯಾರಿಗೆ ನಿಜವಾಗಿ ರೋಗ ಇದೆ ಎಂದು ಗೊತ್ತಿಲ್ಲ ಎಂದೇ ಒಪ್ಪಿಕೊಂಡು, ಎಲ್ಲ ಪರೀಕ್ಷೆಗಳ ಫಲಿತಾಂಶದಿಂದ ಪ್ರತಿಯೊಂದರ ತಪ್ಪಿನ ಪ್ರಮಾಣ ಅಂದಾಜಿಸುವ ಲೆಕ್ಕ. 1980ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಹುಯಿ ಮತ್ತು ವಾಲ್ಟರ್ ತೋರಿಸಿದಂತೆ ಇದಕ್ಕೆ ಎರಡು ಪರೀಕ್ಷೆ, ರೋಗದ ಪ್ರಮಾಣ ಬೇರೆ ಬೇರೆ ಇರುವ ಎರಡು ಗುಂಪು ಸಾಕು. ಆದರೆ ಪರೀಕ್ಷೆಗಳ ತಪ್ಪುಗಳು ಜೊತೆಗೂಡಿ ಬರಬಾರದು. ಒಂದೇ ಸ್ವ್ಯಾಬ್‌ನಿಂದ ಎರಡನ್ನೂ ಮಾಡಿದರೆ, ಸ್ವ್ಯಾಬ್ ಸರಿಯಾಗಿ ತೆಗೆಯದ ದಿನ ಎರಡೂ ನೆಗೆಟಿವ್!

ಮಕ್ಕಳ ಸಂಖ್ಯೆ ಕಡಿಮೆಯಿದ್ದರೆ ಮೊದಲನೆಯದೇ ಸಾಕು. ಎರಡನೇ ಗುಂಪಾಗಿ ಚಿತ್ರದುರ್ಗದ ಮಕ್ಕಳೂ ಸೇರಿ, ಮೂರ್ನಾಲ್ಕು ಬೇರೆ ಬೇರೆ ಬಗೆಯ ಪರೀಕ್ಷೆ ಇದ್ದರೆ ನಾನು ಎರಡನೆಯದನ್ನೇ ಹಿಡಿಯುತ್ತೇನೆ.